ಸೊನ್ನೆ ಬಿದ್ದ ಮನೆಗಳು

ಮಳೆಗಾಲ ಹಿಡಿದರೆ ಸಾಕು, ಪೇಪರಿನ ಜಿಲ್ಲಾ ಪುಟದಲ್ಲಿ ಡೆಂಗಿ ಲೆಕ್ಕ ಶುರುವಾಗುತ್ತದೆ. ದಾವಣಗೆರೆ ಇಷ್ಟು, ಹರಿಹರ ಇಷ್ಟು, ಚನ್ನಗಿರಿ ಇಷ್ಟು. ಎಲ್ಲರೂ ದೊಡ್ಡ ಅಂಕಿ ನೋಡುತ್ತಾರೆ. ನಾನು ಯಾವುದಾದರೂ ಸಾಲಿನಲ್ಲಿ ಸೊನ್ನೆ ಇದೆಯಾ ಅಂತ ಹುಡುಕುತ್ತೇನೆ. ಸಿಕ್ಕರೆ ಆವತ್ತಿಡೀ ಅದೇ ತಲೆಯಲ್ಲಿ. ಅಲ್ಲಿ ಸೊಳ್ಳೆನೇ ಇಲ್ವಾ? ಸೊಳ್ಳೆ ಇದ್ದೂ ಜನ ಹೇಗೋ ಪಾರಾದರಾ? ಅಥವಾ ಜ್ವರ ಬಂದು ಹೋಗಿದೆ, ಬರೆದುಕೊಳ್ಳೋರು ಯಾರೂ ಇರಲಿಲ್ಲ, ಅಷ್ಟೇನಾ? ಈ ಮೂರೂ ಬೇರೆ ಬೇರೆ ಸಂಗತಿ. ಪಟ್ಟಿಯಲ್ಲಿ ಮಾತ್ರ ಮೂರಕ್ಕೂ ಒಂದೇ ಗುರುತು.

ನಾನು ದಾವಣಗೆರೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ಕೊರೊನಾಕ್ಕೆ ಮುಂಚೆ ಮದುವೆ ಮನೆಯಲ್ಲಿ ನನ್ನ ಸಬ್ಜೆಕ್ಟ್ ಹೆಸರು ಕೇಳಿದರೆ ಜನ ಮಾತು ಬದಲಿಸುತ್ತಿದ್ದರು. ಆಮೇಲೆ ಎಲ್ಲರಿಗೂ 'ಮಾಡೆಲ್', 'ಕರ್ವ್', 'ಪೀಕ್' ಗೊತ್ತಾಯಿತು. ಈಗಲೂ ಎಲೆ ಮುಂದೆ ಕೂತಾಗ ಪಕ್ಕದವರು ಕೇಳುತ್ತಾರೆ, "ಮೇಡಂ, ಮುಂದಿನ ಅಲೆ ಯಾವಾಗ?" ಕವಡೆ ಹಾಕಿ ಹೇಳಿಬಿಡಿ ಅನ್ನೋ ಧಾಟಿ ಅದು. ರೋಗದ ಗಣಿತ ಅಂದರೆ ಮುಂದೇನಾಗುತ್ತದೆ ಅಂತ ಹೇಳೋ ವಿದ್ಯೆ ಅನ್ನೋದು ಎಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ನನಗೇನೋ ಈಗಾಗಲೇ ಆಗಿಹೋಗಿದ್ದನ್ನ ಸರಿಯಾಗಿ ಎಣಿಸೋದೇ ಅದರ ಕಷ್ಟದ ಕೆಲಸ ಅನಿಸುತ್ತದೆ. ಅದರಲ್ಲೂ ಸೊನ್ನೆಗಳನ್ನ ಎಣಿಸೋದು.

ಒಂದು ಹಳೇ ಪಟ್ಟಿ

ಪಾಯ್ಸಾನ್ ಹಂಚಿಕೆ (ಆಕಸ್ಮಿಕವಾಗಿ ಬೀಳುವ ಸಂಗತಿಗಳು ಎಲ್ಲಿ ಎಷ್ಟೆಷ್ಟು ಬೀಳಬಹುದು ಅನ್ನೋ ಲೆಕ್ಕ) ಪಾಠ ಬಂದಾಗೆಲ್ಲ ನಾನು ಬೋರ್ಡಿನ ಮೇಲೆ ಒಂದು ಪಟ್ಟಿ ಬರೆಯುತ್ತೇನೆ. ಭಾರತದ ಒಂದು ಹಳ್ಳಿ, ಕಾಲರಾ ಬಂದಿದೆ. ಒಟ್ಟು 223 ಮನೆ. 168 ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ. 32 ಮನೆಯಲ್ಲಿ ಒಬ್ಬೊಬ್ಬರಿಗೆ, 16 ಮನೆಯಲ್ಲಿ ಇಬ್ಬಿಬ್ಬರಿಗೆ, 6 ಮನೆಯಲ್ಲಿ ಮೂವರಿಗೆ, ಒಂದೇ ಒಂದು ಮನೆಯಲ್ಲಿ ನಾಲ್ವರಿಗೆ. ಕೂಡಿದರೆ 86 ರೋಗಿಗಳು. ಈ ಪಟ್ಟಿಯನ್ನ 1926ರಲ್ಲಿ ಅಚ್ಚು ಹಾಕಿಸಿದವನು ಆಂಡರ್ಸನ್ ಮೆಕೆಂಡ್ರಿಕ್. ಸ್ಕಾಟ್‌ಲೆಂಡಿನ ಡಾಕ್ಟರ್. ಇಂಡಿಯನ್ ಮೆಡಿಕಲ್ ಸರ್ವಿಸಿನಲ್ಲಿದ್ದು, ಕಸೌಲಿಯ ಪಾಶ್ಚರ್ ಸಂಸ್ಥೆ ನೋಡಿಕೊಂಡು, ಆಮೇಲೆ ಎಡಿನ್‌ಬರೋಗೆ ವಾಪಸ್ ಹೋದವನು. ಅವನಿಗೆ ಗಣಿತದ ಹುಚ್ಚು ಹತ್ತಿಸಿದ್ದು ಮಲೇರಿಯಾ ಸೊಳ್ಳೆಯ ಗುಟ್ಟು ಒಡೆದ ರೊನಾಲ್ಡ್ ರಾಸ್. (ರಾಸ್ 1883ರಲ್ಲಿ ಬೆಂಗಳೂರಿನಲ್ಲಿದ್ದಾಗ ಕಿಟಕಿ ಪಕ್ಕದ ತೊಟ್ಟಿಯಲ್ಲಿ ಸೊಳ್ಳೆ ಮರಿ ಕಂಡು, ನೀರು ಚೆಲ್ಲಿಸಿ, ಸೊಳ್ಳೆ ಕಮ್ಮಿಯಾದದ್ದನ್ನ ಗಮನಿಸಿದ್ದ. ಈಗ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು "ಡ್ರಮ್ ನೀರು ಚೆಲ್ಲಿ" ಅನ್ನುತ್ತಾರಲ್ಲ, ಅದೇ ಕೆಲಸ.)

ಬೋರ್ಡಿನ ಮೇಲೆ ಪಟ್ಟಿ ಬರೆದು, "ಇದರಲ್ಲಿ ನಿಮಗೇನು ಕಾಣುತ್ತೆ?" ಅಂತ ಕೇಳುತ್ತೇನೆ. ಸಾಮಾನ್ಯವಾಗಿ ಮಕ್ಕಳು ಕ್ಯಾಲ್ಕುಲೇಟರ್ ತೆಗೆದು ಸರಾಸರಿ ಹಾಕುತ್ತಾರೆ. ಒಂದು ಬ್ಯಾಚಿನಲ್ಲಿ ಮೊಳಕಾಲ್ಮುರು ಕಡೆಯ ಹುಡುಗಿ ಒಬ್ಬಳಿದ್ದಳು. ಹಿಂದಿನ ಬೆಂಚು, ಮಾತು ಕಮ್ಮಿ. ಅವಳು ಪೆನ್ನೇ ಮುಟ್ಟಲಿಲ್ಲ. ಕೂತಲ್ಲಿಂದಲೇ ಕೇಳಿದಳು, "ಮೇಡಂ, ಆ ಊರಾಗೆ ಎಷ್ಟು ಬಾವಿ ಇದ್ವು?"

ಕ್ಲಾಸಿನಲ್ಲಿ ಒಂದಿಬ್ಬರು ನಕ್ಕರು. ಯಾಕೆ ಹಾಗೆ ಕೇಳಿದೆ ಅಂದೆ. "ನಮ್ಮೂರಾಗೆ ಗುಡಿ ಹತ್ರದ ಸಿಸ್ಟನ್ (ಬೀದಿ ನೀರಿನ ಟ್ಯಾಂಕು) ನೀರು ಮೇಲ್ಗಡೆ ಬೀದಿಗೆ, ಸ್ಕೂಲ್ ಹತ್ರದ್ದು ನಮಗೆ. ಗುಡಿ ಹತ್ರದ್ದು ಕೆಟ್ರೆ ಅವರಿಗೆ ವಾಂತಿ ಭೇದಿ ಆಗುತ್ತೆ, ನಮಗೇನೂ ಆಗಲ್ಲ. ಈ ನೂರರವತ್ತೆಂಟು ಮನೆಯೋರು ಬೇರೆ ನೀರು ಕುಡಿದಿರ್ತಾರೆ, ಅಷ್ಟೇ." ನಕ್ಕವರು ಸುಮ್ಮನಾದರು. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕೆಟ್ಟ ನೀರು ಕುಡಿದು ಜನ ಆಸ್ಪತ್ರೆ ಸೇರಿದ್ದು, ಕೆಲವರು ಜೀವ ಕಳೆದುಕೊಂಡಿದ್ದು ಆ ಕ್ಲಾಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾವ ಮನೆಗೆ ಯಾವ ನೀರು ಅನ್ನೋ ಪ್ರಶ್ನೆಯನ್ನ ಆ ಕಡೆಯ ಮಕ್ಕಳಿಗೆ ಪುಸ್ತಕದಿಂದ ಹೇಳಿಕೊಡಬೇಕಾಗಿಲ್ಲ.

ಅವಳು ಹೇಳಿದ್ದೇ ಮೆಕೆಂಡ್ರಿಕ್‌ನ ತೀರ್ಮಾನ. ಅವನು ಅಲ್ಲಿಗೆ ಲೆಕ್ಕದ ದಾರಿಯಲ್ಲಿ ಹೋಗಿದ್ದ, ಇವಳು ಸಿಸ್ಟನ್ ದಾರಿಯಲ್ಲಿ ಹೋದಳು.

ಸೊನ್ನೆ ಮುಚ್ಚಿ ನೋಡುವುದು

ಆ ಲೆಕ್ಕ ಚೆಂದ ಇದೆ, ಸ್ವಲ್ಪ ತಾಳ್ಮೆ ಬೇಕು. ಮೊದಲು ಇಡೀ ಊರಿಗೆ ಒಂದೇ ನೀರು, ಯಾವ ಮನೆಗೆ ಬೇಕಾದರೂ ಕಾಲರಾ ಬರಬಹುದಿತ್ತು ಅಂತ ಇಟ್ಟುಕೊಳ್ಳಿ. 86 ರೋಗಿಗಳು 223 ಮನೆಗಳಲ್ಲಿ ಎಲ್ಲಂದರಲ್ಲಿ ಬಿದ್ದಿದ್ದರೆ ಸುಮಾರು 152 ಮನೆ ಖಾಲಿ ಉಳಿಯಬೇಕಿತ್ತು, 58 ಮನೆಯಲ್ಲಿ ಒಬ್ಬೊಬ್ಬರು, 11 ಮನೆಯಲ್ಲಿ ಇಬ್ಬಿಬ್ಬರು, ಒಂದೋ ಎರಡೋ ಮನೆಯಲ್ಲಿ ಮೂವರು ಇರಬೇಕಿತ್ತು. ನಿಜವಾದ ಪಟ್ಟಿ ಹಾಗಿಲ್ಲ. ಖಾಲಿ ಮನೆ ಜಾಸ್ತಿ, ಒಬ್ಬೊಬ್ಬರ ಮನೆ ತೀರಾ ಕಮ್ಮಿ, ಇಬ್ಬರು ಮೂವರು ಮಲಗಿದ ಮನೆ ಮತ್ತೆ ಜಾಸ್ತಿ. ಅಂದರೆ ರೋಗ ಊರಿನ ಒಂದು ಭಾಗದ ಮೇಲೆ ಮಾತ್ರ ಬಿದ್ದಿದೆ.

ಈಗ 168ನ್ನ ಅಂಗೈಯಲ್ಲಿ ಮುಚ್ಚಿಬಿಡಿ. ಉಳಿದದ್ದು 32, 16, 6, 1. ಸುಮ್ನೆ ಆಕಸ್ಮಿಕವಾಗಿ ಬೀಳುವ ಸಂಗತಿಗಳ ಲೆಕ್ಕ ಒಂದಕ್ಕೆ ಇಷ್ಟು, ಎರಡಕ್ಕೆ ಇಷ್ಟು ಅಂತ ಒಂದು ಕ್ರಮದಲ್ಲಿ ಇಳಿಯುತ್ತದೆ. ಆ ಇಳಿಜಾರನ್ನ ಹಿಂದಕ್ಕೆ ಎಳೆದರೆ ಸೊನ್ನೆಯ ಜಾಗದಲ್ಲಿ ಎಷ್ಟಿರಬೇಕಿತ್ತು ಅಂತ ಸಿಗುತ್ತದೆ. ಬಾಯಿಲೆಕ್ಕದಲ್ಲೇ ಮಾಡಬಹುದು: 32ನ್ನ 32ರಿಂದ ಗುಣಿಸಿ, 16ರ ಎರಡರಷ್ಟರಿಂದ ಭಾಗಿಸಿ. 32 ಬರುತ್ತದೆ. ಮೆಕೆಂಡ್ರಿಕ್ ಬೇರೆ ಸೂತ್ರ ಬಳಸಿ 37 ಅಂದ. ಹೆಚ್ಚೇನೂ ವ್ಯತ್ಯಾಸ ಇಲ್ಲ. ಅವನ ಪ್ರಕಾರ ಕೆಟ್ಟ ಬಾವಿಯ ನೀರು ಕುಡಿದ ಮನೆಗಳು ಒಟ್ಟು 93. ಅದರಲ್ಲಿ ಸುಮಾರು 37 ಮನೆ ಕುಡಿದೂ ಪಾರಾಗಿವೆ. ಉಳಿದ 130 ಮನೆಗಳಿಗೂ ಆ ಬಾವಿಗೂ ಸಂಬಂಧವೇ ಇಲ್ಲ. 93 ಮನೆ ಅಂತ ಇಟ್ಟುಕೊಂಡು ಲೆಕ್ಕ ಹಾಕಿದರೆ 34, 16, 5, 1 ಬರುತ್ತದೆ. ಊರಿನ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ, ಎಷ್ಟು ಹತ್ತಿರ ಇದೆ ಅಲ್ವಾ? ಆ ಊರಲ್ಲಿ ಹಲವು ಬಾವಿಗಳಿರಬೇಕು, ಅದರಲ್ಲಿ ಒಂದು ಕೆಟ್ಟಿರಬೇಕು ಅಂತ ಅವನು ಬರೆದ.

ಇಲ್ಲಿ ನನ್ನದೊಂದು ತಕರಾರು ಇದೆ, ಅದನ್ನ ಮಕ್ಕಳಿಗೂ ಹೇಳುತ್ತೇನೆ. ಒಂದೇ ಮನೆಯಲ್ಲಿ ಇಬ್ಬರು ಮೂವರು ಮಲಗೋದಕ್ಕೆ ಬಾವಿಯೇ ಕಾರಣ ಆಗಬೇಕಿಲ್ಲ. ಒಬ್ಬರ ಆರೈಕೆ ಮಾಡಿದವರಿಗೆ ಅಂಟಿದರೂ ಪಟ್ಟಿ ಹೆಚ್ಚುಕಮ್ಮಿ ಇದೇ ಆಕಾರಕ್ಕೆ ಬರಬಹುದು. ಬರೀ ಅಂಕಿ ನೋಡಿ ಎರಡನ್ನೂ ಬೇರ್ಪಡಿಸೋದು ಬಹಳ ಕಷ್ಟ. ಹಾಗಾಗಿ ಲೆಕ್ಕ ಬಾವಿಯನ್ನ ಪತ್ತೆ ಮಾಡಿತು ಅನ್ನೋದು ದೊಡ್ಡ ಮಾತಾಯಿತು. ಹೋಗಿ ಬಾವಿ ವಿಚಾರಿಸಿ ಅಂತ ಹೇಳಿತು, ಅಷ್ಟು. ಆ ಹುಡುಗಿ ವಿಚಾರಿಸೋದರಿಂದಲೇ ಶುರು ಮಾಡಿದ್ದಳು.

ಕಾಣದ್ದನ್ನ ಎಣಿಸುವ ಈ ಬಾಯಿಲೆಕ್ಕದ ಸೂತ್ರವನ್ನ 1980ರ ದಶಕದಲ್ಲಿ ತೈವಾನಿನ ಆ್ಯನ್ ಚಾವೊ ಜೀವಿಗಳ ಎಣಿಕೆಗೆ ತಂದರು. ಒಮ್ಮೆ ಮಾತ್ರ ಕಂಡ ಜಾತಿ ಎಷ್ಟು, ಎರಡು ಸಲ ಕಂಡದ್ದು ಎಷ್ಟು ಅಂತ ಗೊತ್ತಿದ್ದರೆ, ಕಣ್ಣಿಗೆ ಬೀಳದೇ ಉಳಿದದ್ದು ಕನಿಷ್ಠ ಎಷ್ಟು ಅಂತ ಅಂದಾಜು ಸಿಗುತ್ತದೆ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಇಟ್ಟು ಹುಲಿ ಲೆಕ್ಕ ಹಾಕಿದ್ದರ ಹಿಂದೆಯೂ ಇರೋದು ಇದೇ ಯೋಚನೆ, ಸಿಕ್ಕಿದ್ದರಿಂದ ಸಿಗದೇ ಹೋದದ್ದನ್ನ ತಿಳಿಯೋದು. ನಮ್ಮ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡಿನಲ್ಲಿ ಕೊಂಡುಕುರಿ ಹುಡುಕಿಕೊಂಡು ಹೋಗಿ ಒಂದೂ ಕಾಣದೇ ವಾಪಸ್ ಬಂದವರಿಗೆ ಕಾಣಲಿಲ್ಲ ಅನ್ನೋದೂ ಇಲ್ಲ ಅನ್ನೋದೂ ಬೇರೆ ಅಂತ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಮಾತು. 1854ರ ಲಂಡನ್ ಕಾಲರಾ ಬ್ರಾಡ್ ಸ್ಟ್ರೀಟ್ ಪಂಪಿನ ನೀರಿನಿಂದ ಹರಡಿತು ಅಂತ ತೋರಿಸಿದ ಡಾಕ್ಟರ್ ಜಾನ್ ಸ್ನೋ ಕಥೆ ಎಲ್ಲ ಪಠ್ಯಪುಸ್ತಕದಲ್ಲೂ ಬರುತ್ತದೆ. ಸತ್ತವರ ಮನೆಗಳನ್ನ ನಕ್ಷೆಯಲ್ಲಿ ಗುರುತು ಹಾಕಿದ ಅಂತ ಹೇಳಿ ಮುಗಿಸುತ್ತಾರೆ. ನನಗೆ ಅದರಲ್ಲಿ ಇಷ್ಟ ಸಾಯದವರ ಭಾಗ. ಪಂಪಿನ ಪಕ್ಕದಲ್ಲೇ ಬಿಯರ್ ತಯಾರಿಸುವ ಕಾರ್ಖಾನೆ ಇತ್ತು, ಎಪ್ಪತ್ತಕ್ಕೂ ಹೆಚ್ಚು ಆಳುಗಳು. ಅಲ್ಲಿ ಕಾಲರಾಕ್ಕೆ ಯಾರೂ ಸಾಯಲಿಲ್ಲ. ಅವರು ಆ ಪಂಪಿನ ನೀರು ಮುಟ್ಟುತ್ತಲೇ ಇರಲಿಲ್ಲ, ಬಿಯರ್ ಸಿಗುತ್ತಿತ್ತು. ಹತ್ತಿರದ ಬಡವರ ವಸತಿಯಲ್ಲಿ 535 ಜನ ಇದ್ದರು, ಸತ್ತವರು ಐದೇ ಜನ. ಅವರಿಗೆ ಸ್ವಂತ ಬಾವಿ ಇತ್ತು. ಸತ್ತವರ ಲೆಕ್ಕ ಮಾತ್ರ ಹಿಡಿದಿದ್ದರೆ ಆ ಬೀದಿಯ ಗಾಳಿ ಕೆಟ್ಟಿದೆ ಅನ್ನೋರ ಬಾಯಿ ಮುಚ್ಚಿಸೋದು ಆಗುತ್ತಿರಲಿಲ್ಲ. ಅದೇ ಗಾಳಿ ಉಸಿರಾಡಿ ಬದುಕಿದವರಿಂದ ವಾದ ಗಟ್ಟಿಯಾಯಿತು.

ಅಕ್ಕನ ಪುಸ್ತಕ

ನನ್ನ ದೊಡ್ಡಮ್ಮನ ಮಗಳು ಜಗಳೂರು ತಾಲ್ಲೂಕಿನ ಗಡಿ ಹಳ್ಳಿಯೊಂದರಲ್ಲಿ ಆಶಾ. ಊರಿಗೆ ಹೋದಾಗ ಒಂದು ಬೆಳಿಗ್ಗೆ ಅವಳ ಜೊತೆ ಲಾರ್ವಾ ಸರ್ವೆಗೆ ಹೋಗಿದ್ದೆ. ಅವಳ ಕೈಯಲ್ಲಿ ಟಾರ್ಚು, ಕಂಕುಳಲ್ಲಿ ರಟ್ಟಿನ ರಿಜಿಸ್ಟರ್. ಬಚ್ಚಲ ಹಂಡೆ, ಹಿತ್ತಲಿನ ನೀಲಿ ಡ್ರಮ್ಮು, ದನದ ಬಾನಿ, ಎಲ್ಲಕ್ಕೂ ಬಗ್ಗಿ ಟಾರ್ಚ್ ಬಿಡುತ್ತಾಳೆ. ನೀರಿನಲ್ಲಿ ಕೊಂಕುತ್ತಾ ಓಡೋ ಹುಳ ಕಂಡರೆ ಚೆಲ್ಲಿಸುತ್ತಾಳೆ. ನೀರು ಬಿಡೋದೇ ಅಪರೂಪಕ್ಕೆ, ಜನ ಹಿಡಿದಿಟ್ಟ ನೀರು ಚೆಲ್ಲು ಅಂದರೆ ಹೊಟ್ಟೆ ಉರಿಯುತ್ತದೆ, ಬೈಸಿಕೊಳ್ಳುತ್ತಾಳೆ. ಆಮೇಲೆ ಪುಸ್ತಕ ತೆಗೆದು ಬರೆಯುತ್ತಾಳೆ: ಮನೆ ನಂಬರು, ಯಜಮಾನರ ಹೆಸರು, ಎಷ್ಟು ಪಾತ್ರೆ, ಎಷ್ಟರಲ್ಲಿ ಲಾರ್ವಾ, ಜ್ವರದವರು ಎಷ್ಟು.

ಒಂದು ಮನೆಗೆ ಬೀಗ. ಕಾಫಿ ತೋಟದ ಕೆಲಸಕ್ಕೆ ಗುಳೆ ಹೋಗಿದ್ದಾರೆ. ಜ್ವರದ ಕಾಲಮ್ಮಿನಲ್ಲಿ ಅಕ್ಕ ಸೊನ್ನೆ ಬರೆದಳು. ಮುಂದಿನ ಮನೆಯಲ್ಲಿ ಬಾಗಿಲಲ್ಲೇ ನಿಲ್ಲಿಸಿದರು. 2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ಅಂತ ಘೋಷಿಸಿ, ಸೊಳ್ಳೆ ಮರಿ ಸಿಕ್ಕರೆ ಪಟ್ಟಣದ ಮನೆಗೆ 400, ಹಳ್ಳಿ ಮನೆಗೆ 200 ರೂಪಾಯಿ ದಂಡ ಅಂದಮೇಲೆ ಕೆಲವರು ಒಳಗೆ ಬಿಡೋದಿಲ್ಲ. "ನಮ್ಮನೆಯಾಗೆ ಏನೂ ಇಲ್ಲವ್ವ, ಹೋಗು." ಅಲ್ಲೂ ಸೊನ್ನೆ. ಅದರಾಚೆ ಮನೆಯಲ್ಲಿ ಮಗನಿಗೆ ಜ್ವರ ಬಂದು ಹೋಗಿತ್ತು. "ಕೂಡ್ಲಿಗಿ ಕಡೆ ತೋರಿಸ್ಕೊಂಡು ಬಂದ್ವಿ. ಪ್ಲೇಟ್‌ಲೆಟ್ ಇಳಿದೈತೆ ಅಂದ್ರು, ಎರಡು ಬಾಟ್ಲಿ ಹಾಕಿದ್ರು, ಈಗ ಆರಾಮದಾನೆ." ಕೂಡ್ಲಿಗಿ ವಿಜಯನಗರ ಜಿಲ್ಲೆ. ಪ್ರೈವೇಟಿನಲ್ಲಿ ಮಾಡಿದ್ದು ಕಾರ್ಡ್ ಟೆಸ್ಟು. ಲ್ಯಾಬಿನಲ್ಲಿ ಮಾಡುವ ಎಲೈಸಾ ರಕ್ತಪರೀಕ್ಷೆ ಆಗದಿದ್ದರೆ ಸರ್ಕಾರಿ ಲೆಕ್ಕದಲ್ಲಿ ಅದು ಖಚಿತ ಡೆಂಗಿ ಅಲ್ಲ. ಇವತ್ತಂತೂ ಹುಡುಗನಿಗೆ ಜ್ವರ ಇಲ್ಲ. ಮತ್ತೆ ಸೊನ್ನೆ.

ಆಗ ನೋಡಿದೆ. ಅಕ್ಕ ಬೀಗದ ಮನೆಯ ಸೊನ್ನೆಯ ಕೆಳಗೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟಿದ್ದಳು. ಬಿಡದ ಮನೆಯ ಸೊನ್ನೆಯ ಕೆಳಗೆ ಸಣ್ಣ ಗೆರೆ. ಕೂಡ್ಲಿಗಿಗೆ ಹೋಗಿಬಂದವರ ಸೊನ್ನೆಯ ಕೆಳಗೆ ಅಡ್ಡ ಉದ್ದ ಎರಡು ಗೆರೆ. ನಿಜವಾಗಲೂ ಏನೂ ಇಲ್ಲದ ಮನೆಯ ಸೊನ್ನೆ ಬರೀ ಸೊನ್ನೆ. ಹಿಂದಿನ ಹಾಳೆಗಳನ್ನ ತಿರುವಿದೆ, ಎಲ್ಲಾ ಕಡೆ ಹೀಗೇ.

"ಅಕ್ಕಾ, ಇದನ್ನೂ ಮೇಲೆ ಕಳಿಸ್ತೀಯಾ?"

"ಮೇಲಕ್ಕೆ ಸೊನ್ನೆ ಅಷ್ಟೇ ಕಣೇ ಹೋಗೋದು. ಚುಕ್ಕೆ ಹಾಕೋಕೆ ಅವರ ಮೊಬೈಲಿನಾಗೆ ಜಾಗ ಎಲ್ಲೈತೆ? ಇದು ನನ್ನ ಗುರುತಿಗೆ. ಮುಂದಿನ ವಾರ ಯಾರ ಮನೆಗೆ ಮೊದಲು ಹೋಗಬೇಕು ಅಂತ ಗೊತ್ತಾಗಬೇಕಲ್ಲ."

ನಾವು ಕ್ಲಾಸಿನಲ್ಲಿ ಸೊನ್ನೆ ಜಾಸ್ತಿ ಇರುವ ಪಟ್ಟಿಗೆ ಬೇರೆಯದೇ ಮಾಡೆಲ್ ಇದೆ ಅಂತ ಹೇಳಿಕೊಡುತ್ತೇವೆ. 1992ರಲ್ಲಿ ಡಯಾನ್ ಲ್ಯಾಂಬರ್ಟ್ ಅನ್ನುವವರು ಕಾರ್ಖಾನೆಯ ತಯಾರಿಕೆಯಲ್ಲಿ ಬರುವ ದೋಷಗಳನ್ನ ಎಣಿಸೋದಕ್ಕೆ ಅಂತ ಬರೆದದ್ದು ಅದರಲ್ಲಿ ಹೆಸರುವಾಸಿ. ಪ್ರತಿ ಸೊನ್ನೆಗೂ 'ಇದು ಖಾಯಂ ಸೊನ್ನೆಯಾ, ಆಕಸ್ಮಿಕ ಸೊನ್ನೆಯಾ' ಅಂತ ಒಂದು ಸಂಭವನೀಯತೆ ಹಚ್ಚುತ್ತದೆ. ಒಳ್ಳೇ ವಿದ್ಯೆ, ನಾನೂ ಮೆಚ್ಚಿ ಪಾಠ ಮಾಡುತ್ತೇನೆ. ಆದರೆ ಅಕ್ಕನ ಪುಸ್ತಕ ನೋಡಿದ ಮೇಲೆ ಒಂಥರಾ ಸಿಟ್ಟು ಬಂತು. ಬಾಗಿಲಲ್ಲಿ ನಿಂತವಳಿಗೆ ಯಾವ ಸೊನ್ನೆ ಯಾವುದು ಅಂತ ಪೂರ್ತಿ ಗೊತ್ತಿದೆ. ಅದನ್ನ ದಾರಿಯಲ್ಲಿ ಉದುರಿಸಿ, ಬರೀ ಸೊನ್ನೆಯನ್ನ ಬೆಂಗಳೂರಿಗೆ ಕಳಿಸಿ, ಅಲ್ಲಿ ಕಂಪ್ಯೂಟರ್ ಮುಂದೆ ಕೂತು ಉದುರಿದ್ದನ್ನ ಅಂದಾಜು ಮಾಡುತ್ತೇವೆ!

ಎಲ್ಲವೂ ಅಕ್ಕನಿಗೂ ಗೊತ್ತಿರೋದಿಲ್ಲ, ಅದೂ ನಿಜ. ಡೆಂಗಿ ಸೋಂಕು ತಗುಲಿದ ನಾಲ್ವರಲ್ಲಿ ಹೆಚ್ಚುಕಮ್ಮಿ ಮೂವರಿಗೆ ಗೊತ್ತೇ ಆಗೋದಿಲ್ಲ. 2013ರಲ್ಲಿ ಬಂದ ಒಂದು ದೊಡ್ಡ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ 39 ಕೋಟಿ ಸೋಂಕು, ಅದರಲ್ಲಿ ಮೈಮೇಲೆ ಕಾಣಿಸಿಕೊಳ್ಳೋದು 9.6 ಕೋಟಿ. ರಕ್ತದಲ್ಲಿ ಡೆಂಗಿ ವೈರಸ್ಸಿನ ಒಂದು ಪ್ರೋಟೀನ್ ಹುಡುಕುವ ಎನ್‌ಎಸ್1 ಪರೀಕ್ಷೆಯೂ ಜ್ವರ ಶುರುವಾದ ಮೊದಲ ಐದು ದಿನದಲ್ಲೇ ಚೆನ್ನಾಗಿ ಹಿಡಿಯೋದು. ವಾರ ಕಳೆದು ಬಂದವರಿಗೆ ಅದನ್ನೊಂದೇ ಮಾಡಿದರೆ ನೆಗೆಟಿವ್ ಅಂತ ಬರೋ ಸಾಧ್ಯತೆ ಜಾಸ್ತಿ. ಇಂಥ ಸೊನ್ನೆಗಳಿಗೆ ಪೆನ್ಸಿಲ್ ಸಾಲದು. ಅಲ್ಲಿ ಗಣಿತವೇ ಬೇಕು.

ಗೆರೆ ಕೂಡಿತು ಅಂದಮಾತ್ರಕ್ಕೆ

ಮೆಕೆಂಡ್ರಿಕ್ ಹೆಸರು ಇವತ್ತು ಉಳಿದಿರೋದು ಆ ಕಾಲರಾ ಹಳ್ಳಿಯಿಂದಲ್ಲ. 1927ರಲ್ಲಿ ಕೆರ್ಮ್ಯಾಕ್ ಅನ್ನುವ ರಸಾಯನಶಾಸ್ತ್ರಜ್ಞನ ಜೊತೆ ಸೇರಿ ರೋಗ ಹರಡುವ ಗಣಿತದ ಬಗ್ಗೆ ಬರೆದ ಲೇಖನದಿಂದ. ಕೆರ್ಮ್ಯಾಕ್ ಮೂರು ವರ್ಷ ಮುಂಚೆ ಪ್ರಯೋಗಾಲಯದ ಅವಘಡದಲ್ಲಿ ಎರಡೂ ಕಣ್ಣು ಕಳೆದುಕೊಂಡಿದ್ದ, ಲೆಕ್ಕವನ್ನೆಲ್ಲ ತಲೆಯಲ್ಲೇ ಮಾಡುತ್ತಿದ್ದ. ಕೊರೊನಾ ಕಾಲದಲ್ಲಿ ಟೀವಿಯಲ್ಲಿ ತೋರಿಸಿದ ಗುಡ್ಡದಾಕಾರದ ಗೆರೆಗಳಿಗೆಲ್ಲ ಆ ಲೇಖನವೇ ಮೂಲ. ಅದರಲ್ಲಿ ಅವರು 1905ರ ಡಿಸೆಂಬರಿನಿಂದ 1906ರ ಜುಲೈವರೆಗಿನ ಬಾಂಬೆ ಪ್ಲೇಗಿನ ವಾರವಾರದ ಸಾವಿನ ಲೆಕ್ಕದ ಮೇಲೆ ತಮ್ಮ ಗೆರೆ ಎಳೆದರು. ಅದ್ಭುತವಾಗಿ ಕೂಡಿಕೊಂಡಿತು. ಆದರೆ ಪ್ಲೇಗು ಇಲಿಯ ಕಾಯಿಲೆ, ಚಿಗಟದಿಂದ ಮನುಷ್ಯನಿಗೆ ಬರೋದು. ಅವರ ಸಮೀಕರಣದಲ್ಲಿ ಇಲಿಯೂ ಇಲ್ಲ, ಚಿಗಟವೂ ಇಲ್ಲ, ಬೇಸಿಗೆಯೂ ಇಲ್ಲ. ಇದು ತೀರಾ ಒರಟು ಅಂದಾಜು ಅಂತ ಅವರೇ ಅಲ್ಲೇ ಬರೆದುಕೊಂಡಿದ್ದಾರೆ. ಆ ಸಾಲನ್ನ ಮಾತ್ರ ಆಮೇಲಿನವರು ಓದಿದಂತಿಲ್ಲ.

2020ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರದ ಮಾಡೆಲ್ ಸಮಿತಿ, ಪೀಕ್ ಮುಗಿದಿದೆ, ಎಚ್ಚರಿಕೆಯಿಂದ ಇದ್ದರೆ ಫೆಬ್ರವರಿ ಹೊತ್ತಿಗೆ ಬಹುತೇಕ ತೀರುತ್ತದೆ ಅಂದಿತು. ಏಪ್ರಿಲ್ ಮೇನಲ್ಲಿ ಏನಾಯಿತು ಅಂತ ನಾನು ಬರೆಯಬೇಕಾಗಿಲ್ಲ. ವೈರಸ್ ರೂಪ ಬದಲಿಸಿದ್ದು ದೊಡ್ಡ ಕಾರಣ. ಆದರೆ ಆ ಲೆಕ್ಕದ ಅಡಿಪಾಯದಲ್ಲಿದ್ದದ್ದೂ ಸೊನ್ನೆಯದೇ ಪ್ರಶ್ನೆ: ಕೇಸು ಅಂತ ದಾಖಲಾಗದ ಜನರಲ್ಲಿ ಎಷ್ಟು ಮಂದಿಗೆ ಆಗಲೇ ಬಂದು ಹೋಗಿದೆ? ಕರ್ನಾಟಕ ಸರ್ಕಾರ ಆ ಸೆಪ್ಟೆಂಬರಿನಲ್ಲಿ ರಕ್ತ, ಗಂಟಲು ದ್ರವದ ಪರೀಕ್ಷೆ ಮಾಡಿಸಿದಾಗ ರಾಜ್ಯದ ನೂರಕ್ಕೆ 27.3 ಜನರಿಗೆ ಸೋಂಕು ತಗುಲಿರಬಹುದು ಅಂತ ಬಂತು. ಒಂದು ಕೇಸು ದಾಖಲಾದರೆ ಸುಮಾರು ನಲವತ್ತು ಸೋಂಕು. ಪೀಕ್ ಯಾವಾಗ ಅಂತ ಜಗಳ ಆಡಿದವರೆಲ್ಲ ನಿಜಕ್ಕೂ ಜಗಳ ಆಡುತ್ತಿದ್ದದ್ದು ಈ ನಲವತ್ತರ ಬಗ್ಗೆ.

ಎರಡನೇ ಪ್ರಶ್ನೆ

ಆ ಮೊಳಕಾಲ್ಮುರು ಹುಡುಗಿ ಮತ್ತು ಅವಳ ಗೆಳತಿಯರು ಪ್ರಾಜೆಕ್ಟಿಗೆ ಇದನ್ನೇ ಎತ್ತಿಕೊಂಡರು. ಅಕ್ಕನ ಊರಿನಲ್ಲಿ ಮನೆಮನೆ ಕೇಳಿ, ವಾಂತಿ ಭೇದಿ ಆದವರ ಲೆಕ್ಕದ ಜೊತೆ ಕುಡಿಯುವ ನೀರು ಎಲ್ಲಿಯದು ಅನ್ನೋದನ್ನೂ ಬರೆದುಕೊಳ್ಳೋದು. ಮೆಕೆಂಡ್ರಿಕ್‌ನ ಹಳ್ಳಿಯಲ್ಲಿ ಒಂದು ಮನೆಗೆ ಒಂದು ಬಾವಿ ಅಂತ ಇಟ್ಟುಕೊಂಡರೆ ನಡೆಯುತ್ತಿತ್ತು. ಈಗ ಹಾಗಿಲ್ಲ. ಬಳಸೋದಕ್ಕೆ ಸಿಸ್ಟನ್ ನೀರು, ಕುಡಿಯೋದಕ್ಕೆ ಐದು ರೂಪಾಯಿ ಕಾಯಿನ್ ಹಾಕಿ ಹಿಡಿಯೋ ಫಿಲ್ಟರ್ ನೀರು. ಕೂಲಿಗೆ ಹೋದವರು ಹೊಲದ ಬೋರಿನಲ್ಲಿ ಕುಡಿಯುತ್ತಾರೆ, ಮಕ್ಕಳು ಸ್ಕೂಲಿನಲ್ಲಿ. ಒಂದೇ ಮನೆಯಲ್ಲಿ ಮೂರು ನೀರು. ಮನೆ ಲೆಕ್ಕ ಬಿಟ್ಟು ತಲೆ ಲೆಕ್ಕ ಹಿಡಿಯಬೇಕು, ಆಗ ಪಾಯ್ಸಾನ್ ಸಲೀಸಾಗಿ ಕೂರೋದಿಲ್ಲ. ಮಕ್ಕಳು ಒಂದು ಹಾಳೆಯ ಪ್ರಶ್ನೆಪಟ್ಟಿ ಮಾಡಿದರು. ಮೊದಲ ಪ್ರಶ್ನೆ, 'ನೀವು ಯಾವ ನೀರು ಕುಡಿಯುತ್ತೀರಿ?' ಎರಡನೆಯದು, 'ಫಿಲ್ಟರ್ ಕೆಟ್ಟಾಗ ಯಾವ ನೀರು ಕುಡಿಯುತ್ತೀರಿ?'

ಹಾಳೆಯನ್ನ ಅಕ್ಕನಿಗೆ ವಾಟ್ಸಾಪ್ ಮಾಡಿದೆ. ರಾತ್ರಿ ಫೋನ್ ಮಾಡಿದಳು. "ಮೊದಲನೇದು ತೆಗೆದುಬಿಡ್ರೆ. ಕಾಲೇಜಿನ ಹುಡುಗ್ರು ಬಂದು ಕೇಳಿದ್ರೆ ಎಲ್ಲರೂ ಫಿಲ್ಟರ್ ನೀರು ಅಂತಾನೇ ಅಂತಾರೆ. ಐದು ರೂಪಾಯಿ ಇಲ್ಲ ಅಂತ ಯಾರು ಬಾಯಿ ಬಿಟ್ಟು ಹೇಳ್ತಾರೆ? ಎರಡನೇದು ಇಟ್ಕೊಳ್ಳಿ. ಅದನ್ನ ಕೇಳಿದ್ರೆ ದಿಟ ಹೇಳ್ತಾರೆ. ಆಮೇಲೆ ಬೀಗ ಹಾಕಿದ ಮನೆಗೆ ಏನು ಬರೀಬೇಕು ಅಂತ ನಿಮ್ಮ ಹಾಳೆಯಾಗೆ ಎಲ್ಲೂ ಇಲ್ವಲ್ಲ?"

ಮೊದಲ ಪ್ರಶ್ನೆ ತೆಗೆದಿದ್ದೇವೆ. ಬೀಗದ ಮನೆಗೆ ಒಂದು ಕಾಲಮ್ಮು, ಒಳಗೆ ಬಿಡದ ಮನೆಗೆ ಒಂದು, ಬೇರೆ ಊರಿನಲ್ಲಿ ತೋರಿಸಿಕೊಂಡು ಬಂದವರಿಗೆ ಒಂದು ಸೇರಿಸಿದ್ದೇವೆ. ಹಾಳೆ ಈಗ ಎರಡು ಪುಟಕ್ಕೆ ಹೋಗಿದೆ, ಅದಕ್ಕೂ ಅವಳು ಬೈಯುತ್ತಾಳೆ.